ಅನ್ನಕ್ಕ ‘ಹೌದು’ ಒತ್ತಿದ ದಿನ

ಇಚಲಕರಂಜಿಯ ಶಹಾಪುರದಲ್ಲಿ ನಮ್ಮದೊಂದು ಬಟ್ಟೆಯ ಗೋದಾಮು ಇದೆ. ಮಾಲಕ ನಾನು ಎಂದು ಬೋರ್ಡಿನ ಮೇಲೆ ಬರೆದಿದೆ. ಒಳಗೆ ನಡೆಯುವುದು ಅನ್ನಕ್ಕನ ಮಾತು. ಆಜರಾ ಕಡೆಯ ಉತ್ತೂರಿನಿಂದ ಮದುವೆಯಾಗಿ ಬಂದ ಅನ್ನವ್ವ ಇಪ್ಪತ್ತೆರಡು ವರ್ಷದಿಂದ ನಮ್ಮಲ್ಲಿ ಬಟ್ಟೆ ತಪಾಸಣೆ ಮಾಡುತ್ತಾಳೆ. ಮಗ್ಗದಿಂದ ಬಂದ ಬಟ್ಟೆಯ ಸುರುಳಿ, ಅಂದರೆ ಥಾನನ್ನು, ಮೇಜಿನ ಮೇಲೆ ಎಳೆಯುವಾಗ ಆಕೆಯ ಕಣ್ಣು ಬಾಗಿಲ ಕಡೆ, ಮಾತು ಪಕ್ಕದವಳ ಕಡೆ, ಬೆರಳಷ್ಟೇ ಬಟ್ಟೆಯ ಮೇಲೆ. ಎಳೆ ತಪ್ಪಿದ ಜಾಗ ಬೆರಳಿಗೆ ಸಿಕ್ಕ ಕೂಡಲೇ ಮಾತು ನಿಲ್ಲುತ್ತದೆ. ಗೋದಾಮು ನಿಶ್ಶಬ್ದವಾದರೆ ಎಲ್ಲೋ ಎಳೆ ತಪ್ಪಿದೆ ಎಂದು ನನಗೆ ಕೋಣೆಯಲ್ಲೇ ತಿಳಿಯುತ್ತದೆ. ಇಷ್ಟು ವರ್ಷಗಳಲ್ಲಿ ಆಕೆಯ ಕೈ ದಾಟಿ ಹೋದ ಮಾಲು ಒಮ್ಮೆಯೂ ವಾಪಸ್ ಬಂದಿಲ್ಲ. ಈ ಮಾತನ್ನು ನಮಗಿಂತ ಹೆಚ್ಚಾಗಿ ಆಕೆಯೇ ಹೇಳುತ್ತಾಳೆ.

ನನ್ನ ಕೈ ದಾಟಿದ ಮಾಲೂ ವಾಪಸ್ ಬಂದದ್ದು ಕಡಿಮೆ, ಏಕೆಂದರೆ ಬಹಳಷ್ಟು ಹೋಗುತ್ತಲೇ ಇರಲಿಲ್ಲ. ಅಂಗಡಿಕಾರರು ಫೋನಿನಲ್ಲಿ ಹೇಳಿದ ಆರ್ಡರನ್ನು ಚೀಟಿಯಲ್ಲಿ ಬರೆದು ಅಂಗಿಯ ಕಿಸೆಯಲ್ಲಿಡುತ್ತಿದ್ದೆ. ಅಂಗಿ ಒಗೆಯಲು ಹೋಗುತ್ತಿತ್ತು. ಗಿರಾಕಿ ಮತ್ತೆ ಕೇಳಿದರೆ, “ಮಾಲ ಕಾಗಲ ದಾಟೈತ್ರೀ” ಎನ್ನುತ್ತಿದ್ದೆ. ದಾರಿಯ ಕಾಗಲ ಊರು ದಾಟುವುದಿರಲಿ, ಮಾಲು ನನ್ನ ಬೆನ್ನ ಹಿಂದೆಯೇ ಇರುತ್ತಿತ್ತು.

ಇದನ್ನು ನೋಡಲಾರದೆ ನನ್ನ ತಮ್ಮನ ಮಗಳು ರುತುಜಾ, ಕೊಲ್ಹಾಪುರದಲ್ಲಿ ಕಂಪ್ಯೂಟರ್ ಓದಿದವಳು, ಹೋದ ವರ್ಷ ಒಂದು ಆ್ಯಪ್ ಕೂಡಿಸಿಕೊಟ್ಟಳು. ಗಿರಾಕಿಯ ಆರ್ಡರ್ ಬಂದ ಮೇಲೆ ಅನ್ನಕ್ಕನ ಫೋನಿಗೆ ನನ್ನ ಹೆಸರಿನಲ್ಲಿ ಪ್ರಶ್ನೆ ಹೋಗುತ್ತದೆ: ಮಾಲ ಸರಿ ಐತೇನು? ಕೆಳಗೆ ಹೌದು, ಇಲ್ಲ ಎಂಬ ಎರಡು ಗುಂಡಿ. ‘ಹೌದು’ ಒತ್ತಿದರೆ ಸಾಕು, ಗಂಟಿಗೆ ಹಚ್ಚುವ, ತಪಾಸಣೆ ಮಾಡಿದವರ ಹೆಸರಿರುವ ಚೀಟಿ ತಾನೇ ಅಚ್ಚಾಗುತ್ತದೆ, ಟೆಂಪೋದ ಧೋಂಡಿಬಾನಿಗೆ ಬಾ ಎಂಬ ಸಂದೇಶ ಹೋಗುತ್ತದೆ.

“ಕಾಕಾ, ಇನ್ನ ನೀವು ಏನೂ ಮಾಡೂದ ಬ್ಯಾಡ,” ಎಂದಳು ರುತುಜಾ.

“ಅದನ್ನ ನಾ ಮೊದಲಿಂದ ಮಾಡ್ಕೋತ ಬಂದೇನಿ,” ಎಂದೆ.

ಆದರೆ ಒಪ್ಪಲೇಬೇಕು. ಮೂರು ದಿನದ ಓಡಾಟ ಅರ್ಧ ದಿನಕ್ಕೆ ಇಳಿಯಿತು. ಗಡಹಿಂಗ್ಲಜದ ನಮ್ಮ ಹಳೆಯ ಗಿರಾಕಿ ಬಾಹುಬಲಿ ಶೇಠರು ಗಾಬರಿಯಿಂದ ಫೋನ್ ಮಾಡಿ ನನ್ನ ಆರೋಗ್ಯ ವಿಚಾರಿಸಿದರು: “ಅಣ್ಣಾ, ತಬ್ಬೇತ ಬರಾಬರ ಐತಿಲ್ಲ? ಮಾಲ ಹೇಳಿದ ದಿನಾನ ಬಂದೈತಿ!”

ಅದೇ ಶೇಠರು ಈ ಮೇ ತಿಂಗಳಲ್ಲಿ ಶಾಲೆಯ ಸಮವಸ್ತ್ರಕ್ಕೆಂದು ಇಪ್ಪತ್ತು ಥಾನು ಕೇಳಿದರು. ಆ ದಿನ ಮಧ್ಯಾಹ್ನ ಅನ್ನಕ್ಕ ನನ್ನ ಕೋಣೆಗೆ ಬಂದು ಕೂತಳು. ಚಹಾ ಬಂತು. ಅರ್ಧ ಕಪ್ಪು ಮುಗಿದ ಮೇಲೆ ಮಾತು ತೆಗೆದಳು.

“ಅಣ್ಣಾರ, ಶೇಠರ ಮಾಲಿನಾಗ ಎರಡ ಥಾನ ಸರಿ ಇಲ್ರೀ. ಮೊಳಕ್ಕೊಂದ ಎಳಿ ಬಿಟ್ಟೈತಿ.”

“ಮತ್ತ ಫೋನಿನಾಗ ‘ಇಲ್ಲ’ ಅಂತ ಒತ್ತಿದೆಲ್ಲ?”

“‘ಹೌದು’ ಒತ್ತೇನ್ರೀ.”

“ಯಾಕವಾ?!”

“ಕೇಳಿದವರು ನೀವು. ಮಾಲಕರ ಮಾರಿಮ್ಯಾಲ ಇಲ್ಲ ಅಂತ ಹೆಂಗ ಕಳಸೂದ್ರೀ? ಮೊದಲ ಹೂಂ ಅನ್ನೂದು, ಆಮ್ಯಾಲ ಬಂದ ಹೇಳೂದು. ಇಷ್ಟ ವರ್ಷ ಹಂಗ ಮಾಡೇನಲ್ಲ!”

ನಿಜವೇ. ‘ಹೂಂ ರೀ ಅಣ್ಣಾರ’ ಎಂದು ಒಪ್ಪಿ, ಚಹಾದ ಹೊತ್ತಿಗೆ ನನ್ನ ಇಡೀ ಹುಕುಮನ್ನು ತಿರುವಿ ಹಾಕಿದ್ದು ಅದೆಷ್ಟು ಸಲವೋ. ಆಕೆಯ ಹೂಂ ಕೇಳಿಸಿಕೊಂಡು ಚಹಾದ ತನಕ ಸುಮ್ಮನಿರುವುದು, ಈ ಧಂದೆಯಲ್ಲಿ ನನಗೆ ಬರುತ್ತಿದ್ದ ಒಂದೇ ವಿದ್ಯೆ. ಅದೂ ಒಂದು ಕೆಲಸವೆಂದು ನನಗೇ ಗೊತ್ತಿರಲಿಲ್ಲ, ರುತುಜಾಗೆ ಹೇಗೆ ಹೇಳಲಿ? ಆ್ಯಪ್ ಹೂಂ ಕೇಳಿದ್ದೇ ಓಡಿಬಿಟ್ಟಿತ್ತು. ಮಾಲು ಕಾಗಲ ದಾಟಿತ್ತು. ಈ ಸಲ ನಿಜವಾಗಿಯೂ.

ಅನ್ನಕ್ಕ ಕಪ್ಪು ಕೆಳಗಿಟ್ಟಳು. “ಗಂಟಿಗೆ ನನ್ನ ಹೆಸರಿನ ಚೀಟಿ ಹಚ್ಚಿ ಹೋಗೈತೇನ್ರೀ?”

“ಹೋಗೈತಿ. ಶೇಠರಿಗೆ ಫೋನ್ ಮಾಡಿ ಎರಡ ಥಾನ ತೆಗೆದಿಡ್ರಿ ಅಂತೀನಿ, ಬಿಡು.”

“ಯಾವ ಎರಡು ಅಂತ ಅವರಿಗೆ ಹೆಂಗ ತಿಳೀಬೇಕು? ನನ್ನ ಬೆರಳ ಫೋನಿನಾಗ ಕಳಸ್ತೀರೇನು? ನಾಳೆ ಮುಂಜಾನೆ ಶಿಂಪಿಗ್ಯಾರು ಕತ್ತರಿ ಹಾಕ್ತಾರ. ಏಳ್ರಿ!”

ಧೋಂಡಿಬಾ ಗಾಡಿ ಹೊಡೆಯುವಾಗ ಫೋನ್ ಎತ್ತುವುದಿಲ್ಲ. ಆ ನಿಯಮ ಮಾಡಿದವನೂ ನಾನೇ. ಕಾರು ತೆಗೆದೆ. ಟೆಂಪೋ ಎಲ್ಲಿದೆಯೆಂದು ಆ್ಯಪ್ ನಕ್ಷೆಯಲ್ಲಿ ತೋರಿಸುತ್ತದೆ. ನಿಪ್ಪಾಣಿ ಬಿಟ್ಟಿತು, ಸಂಕೇಶ್ವರ ಬಂತು ಎಂದು ಅನ್ನಕ್ಕ ಫೋನು ಹಿಡಿದು ವರದಿ ಕೊಡುತ್ತಿದ್ದಳು. “ಇದಕ್ಕ ದಾರಿ ಭಾಳ ಚಲೋ ಗೊತ್ತೈತ್ರೀ ಅಣ್ಣಾರ. ಬಟ್ಟಿ ಅಷ್ಟ ಗೊತ್ತಿಲ್ಲ.”

ನಾವು ಗಡಹಿಂಗ್ಲಜ ಮುಟ್ಟಿದಾಗ ಶೇಠರು ಗಂಟು ಬಿಚ್ಚುತ್ತಿದ್ದರು. ಅನ್ನಕ್ಕ ನಮಸ್ಕಾರವನ್ನೂ ಮಾಡದೆ ಬಟ್ಟೆಗೆ ಕೈಯಿಟ್ಟಳು. ಹನ್ನೊಂದನೆಯ ಥಾನನ್ನು ಎಳೆದು ಬದಿಗಿಟ್ಟಳು. ಇನ್ನೊಂದು ತೀರ ತಳದಲ್ಲಿತ್ತು. ಶೇಠರು ಚಾಳೀಸನ್ನು ಮೂಗಿಗೇರಿಸಿ ನೋಡಿದರು.

“ಏನೂ ಕಾಣೂದಿಲ್ಲಲ್ಲ ಅಕ್ಕಾ? ನಡೀತೈತಿ ಬಿಡ್ರಿ.”

“ಎರಡ ಸಲ ಒಗೀರಿ, ಕಾಣ್ತೈತ್ರೀ ಶೇಠರ. ಹುಡುಗರ ಮೊಣಕಾಲ ಅಲ್ಲಿಂದನ ಹೊರಗ ಇಣಿಕಿ ಹಾಕ್ತಾವ.”

ಎರಡನ್ನೂ ಕಾರಿನಲ್ಲಿ ಹಾಕಿಕೊಂಡೆವು. ಬದಲಿ ಥಾನು ಮರುದಿನ ಹೋಯಿತು.

ಸಂಗತಿ ಕೇಳಿ ರುತುಜಾ ನಗಲಿಲ್ಲ. ಅದು ಅವಳ ದೊಡ್ಡ ಗುಣ. ಮೂರನೆಯ ಗುಂಡಿ ಹಾಕಿದಳು: ಬಂದು ಹೇಳ್ತೇನಿ. ಅದನ್ನು ಒತ್ತಿದರೆ ಅನ್ನಕ್ಕ ಬಂದು ಹೇಳುವ ತನಕ ಟೆಂಪೋ ಕದಲುವುದಿಲ್ಲ. ಈಗ ದಿನಕ್ಕೆ ಎರಡು ಕಪ್ಪು ಚಹಾ ಹೆಚ್ಚಾಗಿದೆ, ಉಳಿದದ್ದೆಲ್ಲ ಮೊದಲಿಗಿಂತ ಚುರುಕು. ಚೀಟಿಯ ಕಾಲಕ್ಕೆ ಮರಳಿ ಹೋಗೆಂದರೆ ನಾನೂ ಒಲ್ಲೆ, ನನ್ನ ಅಂಗಿ ಒಗೆಯುವವರೂ ಒಲ್ಲರು.

ತಿಂಗಳ ಕೊನೆಗೆ ಆ್ಯಪ್ ತಾನೇ ಒಂದು ವರದಿ ಬರೆಯಿತು. ಅದರಲ್ಲೊಂದು ಸಾಲು: ಅನ್ನವ್ವ, ವಾಪಸ್ ಬಂದ ಮಾಲು, ಎರಡು ಥಾನು. ಅನ್ನಕ್ಕ ಅದನ್ನು ನೋಡಿದಳು. ಗೋದಾಮು ನಿಶ್ಶಬ್ದವಾಯಿತು.

“ಇದನ್ನ ತೆಗಿಯವಾ ತಂಗಿ,” ಎಂದಳು ರುತುಜಾಗೆ.

“ಮಾವಶಿ, ಹೋದ ಮಾಲ ತಿರಿಗಿ ಬಂದ್ರ ಅದಕ್ಕ ವಾಪಸ್ಸಂತನ ಅಂತಾರ. ನಾ ಬರದಿದ್ದಲ್ಲ, ಆ್ಯಪ್ ಬರದೈತಿ.”

“ಅದ ತಾನಾಗಿ ಬಂದೈತೇನು? ಯಾರರೆ ಕಳಿಸ್ಯಾರೇನು? ನಾ ಹೋಗಿ ತಂದೇನಿ!”

ರುತುಜಾ ನನ್ನ ಕಡೆ ನೋಡಿದಳು. ಅವಳು ಹೇಳುವುದೂ ನ್ಯಾಯವಾಗಿತ್ತು. ಹಾಗಾಗಿ ಮೊದಲು ಅವಳಿಗೆ ಹೂಂ ಎಂದೆ. ಚಹಾ ತರಿಸಿದೆ. ಅರ್ಧ ಕಪ್ಪು ಮುಗಿದ ಮೇಲೆ ಅನ್ನಕ್ಕನ ಪರ ಹೇಳಿದೆ.

ಆ ಸಾಲಿನಲ್ಲಿ ಈಗ ಸೊನ್ನೆ ಇದೆ.