ಮೇಲೆ ನೋಡದ ಊರಿನವರು

ಹ್ಯೂಸ್ಟನ್ನಿಗೆ ಹೋದ ಹೊಸತರಲ್ಲಿ ಒಂದು ದಿನ ಕೊತ್ತಂಬರಿ ಸೊಪ್ಪು ತರಲು ನಾನು ಅಂಗಡಿಗೆ ನಡೆದುಕೊಂಡು ಹೋದೆ. ನಾನು ಮಾಡಿದ್ದು ಅಷ್ಟೇ. ನಮ್ಮ ಅಪಾರ್ಟ್‌ಮೆಂಟು ಎನರ್ಜಿ ಕಾರಿಡಾರಿನ ಎಣ್ಣೆ ಕಂಪನಿಗಳ ಗಾಜಿನ ಕಟ್ಟಡಗಳ ಹಿಂದೆ ಇತ್ತು. ಅಂಗಡಿ ನಮ್ಮ ಬಾಲ್ಕನಿಗೇ ಕಾಣುತ್ತಿತ್ತು. ಆದರೆ ನಡುವೆ ಫುಟ್‌ಪಾತ್ ಎಂಬುದಿಲ್ಲ. ಬರೀ ಹುಲ್ಲು, ಹುಲ್ಲಿನ ಪಕ್ಕದಲ್ಲೇ ಧಡಧಡ ಓಡುವ ಪಿಕಪ್ ಟ್ರಕ್ಕುಗಳು. ಒಬ್ಬ ಗಾಡಿ ನಿಲ್ಲಿಸಿ ಕಾರು ಕೆಟ್ಟಿದೆಯಾ ಎಂದು ಕೇಳಿದ. ಇನ್ನೊಬ್ಬಾಕೆ ಕಿಟಕಿ ಇಳಿಸಿ ನೀರಿನ ಬಾಟಲಿ ಕೊಟ್ಟಳು. ನಾನು ಸೊಪ್ಪು ಹಿಡಿದು ಮನೆ ಮುಟ್ಟುವಷ್ಟರಲ್ಲಿ ಕನ್ನಡದ ಆಂಟಿಯೊಬ್ಬರು ನನ್ನ ಗಂಡನ ಆಫೀಸಿಗೆ ಫೋನ್ ಮಾಡಿ ಆಗಿತ್ತು.

"ನಿಮ್ಮ ಮನೆಯವರು ರೋಡಲ್ಲಿ ಒಬ್ರೇ ನಡ್ಕೊಂಡ್ ಹೋಗ್ತಿದ್ರಪ್ಪಾ. ಏನಾದ್ರೂ ಮಾತಿಗ್ ಮಾತು ಬೆಳೀತಾ?" ಎಂದು ಕೇಳಿದರಂತೆ.

ಟೆಕ್ಸಸ್ಸಿನ ನಮ್ಮ ಜನರಲ್ಲಿ ಹೆಂಗಸು ರಸ್ತೆಯಲ್ಲಿ ನಡೆದರೆ ಎರಡೇ ಕಾರಣ. ಕಾರು ಕೆಟ್ಟಿರಬೇಕು, ಇಲ್ಲ ಸಂಸಾರ ಕೆಟ್ಟಿರಬೇಕು. ಮೈಸೂರಿನಲ್ಲಿ ಕಾಲೇಜು ಹುಡುಗರಿಗೆ ಗಣಿತ ಹೇಳಿಕೊಡುತ್ತಿದ್ದವಳು, ಬಸ್ಸು ತಪ್ಪಿದರೆ ಮನೆಯ ತನಕ ನಡೆದೇ ಬರುತ್ತಿದ್ದವಳು ನಾನು. ಇಲ್ಲಿ ಗಂಡನ ವೀಸಾದ ಬಾಲ ಹಿಡಿದು ಬಂದಿದ್ದರಿಂದ ಕೆಲಸ ಮಾಡುವ ಹಾಗಿರಲಿಲ್ಲ. ನಡೆಯುವ ಹಾಗೂ ಇಲ್ಲ ಎಂದು ಆ ದಿನ ಗೊತ್ತಾಯಿತು.

ಆಮೇಲೆ ಡ್ರೈವಿಂಗ್ ಕಲಿತೆ. ಲೈಸೆನ್ಸ್ ಬಂತು. ಇನ್ನು ನಿನಗೆ ಬೇಜಾರಿಲ್ಲ ಬಿಡು ಎಂದು ಎಲ್ಲರೂ ಹೇಳಿದರು. ಬೇಜಾರಿಗೆ ನಾಲ್ಕು ಚಕ್ರ ಬಂತು, ಅಷ್ಟೇ. ಇವರ ಕೆಲಸ ಬದಲಾದ ಹಾಗೆಲ್ಲ ನಾವು ಡಾಲಸ್ಸಿಗೆ ಶಿಫ್ಟ್ ಆದೆವು, ಅಲ್ಲಿಂದ ಆಸ್ಟಿನ್ನಿಗೆ. (ನನ್ನ ಗಂಡನನ್ನು ನಾನು ಹೆಸರು ಹಿಡಿದು ಕರೆದವಳಲ್ಲ, ಎದುರಿಗೆ 'ರೀ', ಬೇರೆಯವರ ಮುಂದೆ 'ಇವರು'.) ಕೊನೆಗೆ ಆಸ್ಟಿನ್ ಪಕ್ಕದ ಸೀಡರ್ ಪಾರ್ಕ್ ಎಂಬ ಊರಿನಲ್ಲಿ ಮನೆ ಕೊಂಡೆವು. ಬೀದಿಯ ಮನೆಗಳೆಲ್ಲ ಒಂದೇ ಅಚ್ಚು. ಸಂಜೆ ಗರಾಜಿನ ಬಾಗಿಲು ಮೇಲೇಳುತ್ತದೆ, ಕಾರು ಒಳಗೆ ಹೋಗುತ್ತದೆ, ಬಾಗಿಲು ಇಳಿಯುತ್ತದೆ. ಪಕ್ಕದ ಮನೆಯವರ ಮುಖಕ್ಕಿಂತ ಅವರ ಕಾರಿನ ಹಿಂಭಾಗ ನನಗೆ ಚೆನ್ನಾಗಿ ಪರಿಚಯವಾಗಿತ್ತು. ನಡೆಯಬೇಕು ಅನ್ನಿಸಿದರೆ ಕಾರು ಹತ್ತಿ ಪಾರ್ಕಿಗೆ ಹೋಗಿ, ಅಲ್ಲಿ ಸುತ್ತು ಹಾಕಿ, ಮತ್ತೆ ಕಾರು ಹತ್ತಿ ಬರಬೇಕು. ನಾನು ಮನೆಯೊಳಗೇ ನಡೆಯುತ್ತಿದ್ದೆ. ಸೋಫಾ ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ, ದೇವರ ಮನೆ ಬಟ್ಟೆಬರೆ ಇಡುವ ಒಂದು ಕ್ಲಾಸೆಟ್ಟಿನಿಂದ ಇನ್ನೊಂದಕ್ಕೆ. ಆಫೀಸಿನಿಂದ ಬಂದ ಇವರು ಟೀವಿ ಎಲ್ಲಿದೆ ಎಂದು ಹುಡುಕಿಕೊಂಡು ಕೂರಬೇಕಾಗುತ್ತಿತ್ತು.

ನಮಗೆ ಮಕ್ಕಳಾಗಲಿಲ್ಲ. ಅದನ್ನು ಇಲ್ಲಿ ಹೇಳಿ ಮುಗಿಸುತ್ತೇನೆ. ಅದಕ್ಕೇ ಅವಳಿಗೆ ಹೀಗೆ ಎಂದು ಆಂಟಿಯರು ಕಂಡುಹಿಡಿದಿದ್ದರು. ನಾನು ಹುಟ್ಟಿದಾಗಿನಿಂದಲೂ ಹೀಗೇ ಎಂದು ನಮ್ಮಮ್ಮನನ್ನು ಕೇಳಿದ್ದರೆ ಹೇಳುತ್ತಿದ್ದಳು.

ಗ್ರೀನ್ ಕಾರ್ಡ್ ಬಂದ ಸ್ವಲ್ಪ ಕಾಲಕ್ಕೆ ಇವರು ಕೆಲಸಕ್ಕಿದ್ದ ಕಂಪ್ಯೂಟರ್ ಚಿಪ್ ಕಂಪನಿ ಚೈನಾದ ಚೊಂಗ್‌ಚಿಂಗ್ ಎಂಬ ಊರಿನಲ್ಲಿ ಆಫೀಸು ತೆರೆಯಿತು. ಎರಡು ವರ್ಷದ ಮಟ್ಟಿಗೆ ಅಲ್ಲಿಗೆ ಹೋಗುತ್ತೀರಾ ಎಂದು ಇವರನ್ನು ಕೇಳಿದರು. ಮೊದಲು ಒಂದು ವಾರ ಗಂಡ ಹೆಂಡತಿ ಹೋಗಿ ಊರು ನೋಡಿ, ವಾಪಸು ಬಂದ ಸೋಮವಾರ ಉತ್ತರ ಹೇಳಿ ಎಂದರು. ನಾನು ನಕ್ಷೆಯಲ್ಲಿ ಊರನ್ನು ಹುಡುಕುವ ಮೊದಲೇ ಹೋಗೋಣ ಎಂದೆ. ಇವರಿಗೆ ಸುತರಾಂ ಇಷ್ಟವಿರಲಿಲ್ಲ.

ಆ ತಿಂಗಳು ಹ್ಯೂಸ್ಟನ್ ಪಕ್ಕದ ಪೇರ್‌ಲ್ಯಾಂಡಿನ ದೇವಸ್ಥಾನಕ್ಕೆ ಹೋಗಿದ್ದಾಗ ಹಳೆಯ ಹ್ಯೂಸ್ಟನ್ ಸ್ನೇಹಿತರು ಸಿಕ್ಕಿದರು. ಪುಳಿಯೋಗರೆ ತಿನ್ನುತ್ತಾ ಸಭೆ ಸೇರಿತು. "ಗ್ರೀನ್ ಕಾರ್ಡ್ ಕೈಗ್ ಬಂದ್ಮೇಲೆ ಚೈನಾಗ್ ಹೋಗೋದಾ? ತಲೆ ಕೆಟ್ಟಿದ್ಯೇನಯ್ಯಾ? ವೆಜಿಟೇರಿಯನ್‌ಗಳು ನೀವು, ಏನ್ ತಿಂತೀರ?" ಎಂದು ಅಂಕಲ್ ಒಬ್ಬರು ಇವರನ್ನು ತರಾಟೆಗೆ ತೆಗೆದುಕೊಂಡರು. ಇವರು ನನ್ನ ಕಡೆ ಕೈ ತೋರಿಸಿ, "ಸುಮ್ನೆ ನೋಡ್ಕೊಂಡ್ ಬರ್ತೀವಿ ಅಂಕಲ್" ಎಂದರು. ಒಂದು ಸಲ ನೋಡಿದರೆ ನನಗೇ ಸಾಕಾಗುತ್ತದೆ ಎಂಬುದು ಇವರ ಲೆಕ್ಕ.

ಆ ಊರನ್ನು ಯಾರು ಕಟ್ಟಿದರೋ, ಅವರಿಗೆ ಸಮತಟ್ಟು ಜಾಗವೇ ಸಿಕ್ಕಿರಲಿಲ್ಲ. ಎರಡು ನದಿಗಳು ಬಂದು ಸೇರುತ್ತವೆ. ಒಂದು ಕೆಂಪಗೆ ಕದಡಿದ್ದು, ಇನ್ನೊಂದು ಸ್ವಲ್ಪ ತಿಳಿ. ನಡುವಿನ ಬೆಟ್ಟದ ಮೈಮೇಲೆ ಕಟ್ಟಡಗಳು ಬಸ್ಸಿನ ಬಾಗಿಲಲ್ಲಿ ಜೋತುಬಿದ್ದ ಜನರ ಹಾಗೆ ಒಂದರ ಮೇಲೊಂದು ನೇತಾಡುತ್ತಿದ್ದವು. ಒಬ್ಬರ ಮನೆಯ ತಾರಸಿ ಇನ್ನೊಬ್ಬರ ಅಂಗಳ. ರೈಲೊಂದು ಸೀದಾ ಹೋಗಿ ವಾಸದ ಮನೆಗಳಿದ್ದ ಕಟ್ಟಡದೊಳಗೆ ನುಗ್ಗಿ ಆಚೆ ಬಂತು. ಮೇಲಿನ ಪೇಟೆಯಿಂದ ಕೆಳಗಿನ ಪೇಟೆಗೆ ಹೋಗಲು ಜನ ದುಡ್ಡು ಕೊಟ್ಟು ಲಿಫ್ಟಿನಲ್ಲಿ ಇಳಿಯುತ್ತಿದ್ದರು, ನಾವು ಸಿಟಿ ಬಸ್ಸಿಗೆ ಟಿಕೆಟ್ ತೆಗೆದುಕೊಂಡ ಹಾಗೆ. ಎಲ್ಲೆಲ್ಲೂ ಮೆಟ್ಟಿಲು, ಮೆಟ್ಟಿಲ ಮೇಲೆಲ್ಲ ಜನ. ತರಕಾರಿ ಬುಟ್ಟಿ, ಕೋಳಿ, ಇಸ್ಪೀಟು, ಒಣಹಾಕಿದ ಬಟ್ಟೆ. ಬಿದಿರ ಬೊಂಬಿನ ಎರಡು ತುದಿಗೆ ಸಾಮಾನು ಕಟ್ಟಿ ಹೆಗಲ ಮೇಲೆ ಹೊತ್ತ ಕೂಲಿಯವರು ಕೂಗುತ್ತಾ ದಾರಿ ಬಿಡಿಸಿಕೊಳ್ಳುತ್ತಿದ್ದರು. ಇಡೀ ಊರು ಕಾಲ ಮೇಲೆ ನಿಂತಿತ್ತು. ನನಗೆ ಕುಣಿಯಬೇಕು ಅನ್ನಿಸಿತು.

ಇವರಿಗೆ ಮಂಡಿ ನೋವು ಶುರುವಾಯಿತು. ಅಲ್ಲಿನ ಊಟಕ್ಕೆ ಹಾಕುವ ಮೆಣಸಿನಂಥ ಕಾಳೊಂದು ನಾಲಿಗೆಯನ್ನೇ ಜೋಮು ಹಿಡಿಸುತ್ತದೆ. ಇವರು ಮೂರು ದಿನ ಅನ್ನ ಮತ್ತು ಮನೆಯಿಂದ ತಂದ ಚಟ್ನಿಪುಡಿಯಲ್ಲೇ ಕಳೆದರು. ಮಂಜು ಮುಸುಕಿ ಎದುರಿನ ದಡವೇ ಕಾಣದಿದ್ದಾಗ, "ಇಲ್ಲಿ ಸೂರ್ಯ ಹುಟ್ಟಲ್ವೇನೆ?" ಎಂದರು. ಟ್ಯಾಕ್ಸಿಯವನು ನಮ್ಮ ಹೋಟೆಲು ಕಣ್ಣೆದುರೇ ಇದ್ದರೂ ಸುತ್ತಿ ಸುತ್ತಿ ಹತ್ತಿಸಿದಾಗ, ಕೈಯಲ್ಲಿದ್ದ ನಕ್ಷೆಯನ್ನು ಮಡಚಿ ಬ್ಯಾಗಿಗೆ ತುರುಕಿದರು. ನಾನು ಒಂದೊಂದು ದಿನವೂ ಹೊರಗೆ ಓಡುತ್ತಿದ್ದೆ, ಇವರು ಒಂದೊಂದು ದಿನವೂ ವಾಪಸು ಹೋಗುವ ವಿಮಾನಕ್ಕೆ ಹತ್ತಿರವಾಗುತ್ತಿದ್ದರು. ನಮ್ಮಿಬ್ಬರಲ್ಲಿ ಯಾರಾದರೊಬ್ಬರು ಸೋಲಲೇಬೇಕಿತ್ತು. ಅದನ್ನು ನೆನೆದರೆ ನನಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ.

ಹೊರಡುವ ಹಿಂದಿನ ದಿನ, ನಾವು ಬಂದರೆ ಇರಬೇಕಾದ ಮನೆ ತೋರಿಸಲು ಕಂಪನಿಯ ಕಾರು ಕರೆದುಕೊಂಡು ಹೋಯಿತು. ಹದಿನಾಲ್ಕನೆಯ ಮಹಡಿ. ಮನೆ ಚೆನ್ನಾಗಿಯೇ ಇತ್ತು. ಇವರು ನಲ್ಲಿ ತಿರುಗಿಸಿ ನೀರಿನ ರಭಸ ನೋಡುತ್ತಾ, ಇಂಟರ್ನೆಟ್ಟಿನ ಬಗ್ಗೆ ಕಟ್ಟಡದ ಮ್ಯಾನೇಜರನ್ನು ಕೇಳುತ್ತಾ ನಿಂತರು. ಬೇಡ ಎನ್ನಲು ಕಾರಣ ಹುಡುಕುತ್ತಿದ್ದಾರೆ ಎಂದು ನನಗೆ ಗೊತ್ತು. ಅಲ್ಲಿ ನಿಂತರೆ ಜಗಳವಾಗುತ್ತದೆ.

"ನಾನು ಒಂದು ರೌಂಡ್ ಹಾಕ್ಕೊಂಡ್ ಬರ್ತೀನಿ" ಎಂದೆ.

"ದೂರ ಹೋಗ್ಬೇಡ. ಅರ್ಧ ಗಂಟೆ ಬಿಟ್ಟು ಬಿಲ್ಡಿಂಗ್ ಬಾಗಿಲ ಹತ್ರ ಇರ್ತೀನಿ" ಎಂದರು. ಮೊಬೈಲು ಇದ್ದದ್ದು ಒಂದೇ, ಅದೂ ಇವರ ಜೇಬಿನಲ್ಲಿ.

ಲಿಫ್ಟಿನಲ್ಲಿ ಕೆಳಗಿಳಿದು, ಕಾರು ನಮ್ಮನ್ನು ಬಿಟ್ಟ ಬಾಗಿಲಿಂದಲೇ ಆಚೆ ಬಂದೆ. ದಾರಿ ತಪ್ಪಬಾರದೆಂದು ಸೀಡರ್ ಪಾರ್ಕಿನ ಬುದ್ಧಿಯನ್ನೇ ಉಪಯೋಗಿಸಿದೆ. ಅಲ್ಲಿ ಬರೀ ಬಲಕ್ಕೇ ತಿರುಗುತ್ತಾ ಹೋದರೆ ನಾಲ್ಕನೆಯ ತಿರುವಿಗೆ ನಿಮ್ಮ ಮನೆಯ ಮುಂದೆಯೇ ಇರುತ್ತೀರಿ. ಬಲಕ್ಕೆ ತಿರುಗಿದೆ. ಮೆಟ್ಟಿಲು ಬಂತು, ಹತ್ತಿದೆ. ಮೆಟ್ಟಿಲ ಪಕ್ಕದ ಗೂಡಂಗಡಿಯಲ್ಲಿ ಹುರಿಗಡಲೆ ತರಹದ್ದೇನೋ ಕೊಂಡೆ. ಮತ್ತೆ ಬಲಕ್ಕೆ, ಮತ್ತೆ ಮೆಟ್ಟಿಲು. ಅಜ್ಜಿಯೊಬ್ಬಳು ನನ್ನ ಹಣೆಯ ಕುಂಕುಮ ಮುಟ್ಟಿ ನೋಡಿ, ಬೆರಳನ್ನು ಮೊಮ್ಮಗಳಿಗೆ ತೋರಿಸಿ ನಕ್ಕಳು. ಏದುಸಿರು ಬರುತ್ತಿತ್ತು, ಮೈ ಬೆವರುತ್ತಿತ್ತು, ವರ್ಷಗಳಿಂದ ಎಲ್ಲೋ ಬಿಟ್ಟುಬಂದಿದ್ದ ನನ್ನ ಕಾಲುಗಳು ವಾಪಸು ಸಿಕ್ಕಿದ್ದವು. ನಾಲ್ಕನೆಯ ತಿರುವಿಗೆ ನೋಡಿದರೆ ಅದೇ ಕಟ್ಟಡ, ಅದೇ ಹಸಿರು ಬೋರ್ಡು, ಗಾಜಿನ ಬಾಗಿಲು, ಮುಂದೆ ಬಸ್ಸು ಕಾರು ಓಡುವ ರಸ್ತೆ. ಗಣಿತದ ಮೇಷ್ಟ್ರಮ್ಮ ಸರಿಯಾಗಿ ಬಂದು ಸೇರಿದಳು ಎಂದು ಬೀಗಿ ಬಾಗಿಲ ಪಕ್ಕ ನಿಂತೆ.

ಇವರು ಬರಲಿಲ್ಲ. ಕೊಂಡಿದ್ದ ಕಡಲೆ ಮುಗಿಯಿತು, ಬರಲಿಲ್ಲ. ಇನ್ನೂ ಆ ಮ್ಯಾನೇಜರನ ತಲೆ ತಿನ್ನುತ್ತಿದ್ದಾರೆ ಎಂದು ಸಿಟ್ಟು ಬಂತು. ಬಹಳ ಹೊತ್ತು ಕಾದು, ಬೈಯಲು ಮಾತು ಜೋಡಿಸಿಕೊಂಡು, ಮನೆಗೇ ಹೋಗೋಣವೆಂದು ಒಳಗೆ ನುಗ್ಗಿ ಲಿಫ್ಟಿನ ಮುಂದೆ ನಿಂತೆ. ಲಿಫ್ಟಿನ ಬಾಗಿಲ ಮೇಲೆ ಆರು ಎಂದು ಬರೆದಿತ್ತು. ನಾನು ನಿಂತಿದ್ದದ್ದು ಆರನೆಯ ಮಹಡಿಯಲ್ಲಿ. ರಸ್ತೆ, ಬಸ್ಸು, ಮರ ಎಲ್ಲ ಆರನೆಯ ಮಹಡಿಯಲ್ಲಿ.

ಮತ್ತೆ ಹೊರಗೆ ಓಡಿದೆ. ರಸ್ತೆಗೂ ಕಟ್ಟಡಕ್ಕೂ ನಡುವೆ ಒಂದು ಸಣ್ಣ ಸೇತುವೆ ಇದ್ದದ್ದನ್ನು ಆಗ ಗಮನಿಸಿದೆ. ಕಂಬಿ ಹಿಡಿದು ಬಗ್ಗಿದೆ. ಕೆಳಗೆ ಇನ್ನೊಂದು ರಸ್ತೆ, ಅಲ್ಲಿ ಇನ್ನೊಂದು ಹಸಿರು ಬೋರ್ಡು, ಅದರ ಮುಂದೆ ಇವರು.

ಇವರು ದಾರಿಹೋಕರನ್ನು ತಡೆದು ತಡೆದು ಏನೋ ಕೇಳುತ್ತಿದ್ದರು. ತಮ್ಮ ಕಿವಿಯ ಎತ್ತರಕ್ಕೆ ಕೈ ಹಿಡಿದು ನನ್ನ ಎತ್ತರ ತೋರಿಸುತ್ತಿದ್ದರು. ಹಣೆಗೆ ಬೆರಳಿಟ್ಟು ಕುಂಕುಮ ತೋರಿಸುತ್ತಿದ್ದರು. ಜನ ತಲೆಯಾಡಿಸಿ ಮುಂದೆ ಹೋಗುತ್ತಿದ್ದರು. ಪಾರ್ಟಿಗಳಲ್ಲಿ ಉಪ್ಪಿನಕಾಯಿ ಬೇಕೆಂದು ಕೇಳಲೂ ಸಂಕೋಚಪಡುವ ಮನುಷ್ಯ ಇವರು.

"ರೀ!" ಎಂದು ಕೂಗಿದೆ.

ಕೇಳಿಸಿತು. ತಟ್ಟನೆ ಎಡಕ್ಕೆ ನೋಡಿದರು. ಬಲಕ್ಕೆ ನೋಡಿದರು. ಹಿಂದೆ ತಿರುಗಿ ಬಾಗಿಲೊಳಗೆ ಇಣುಕಿದರು. ಮತ್ತೆ ಕೂಗಿದೆ, ಇನ್ನೂ ಜೋರಾಗಿ. ರಸ್ತೆ ದಾಟಿ ಆ ಬದಿಗೆ ಓಡಿ ಅಲ್ಲಿ ಹುಡುಕಿದರು. ಮೇಲೆ ನೋಡಬೇಕೆಂದು ಅವರಿಗೆ ಹೊಳೆಯಲೇ ಇಲ್ಲ. ಹೇಗೆ ಹೊಳೆಯಬೇಕು? ಟೆಕ್ಸಸ್ಸಿನಲ್ಲಿ ಇಷ್ಟು ವರ್ಷ ಯಾರೂ ಅವರನ್ನು ಮೇಲಿನಿಂದ ಕರೆದಿರಲಿಲ್ಲ. ಅಲ್ಲಿ ಮೇಲಿರುವುದು ಆಕಾಶ ಒಂದೇ. ನನ್ನ ದನಿ ಕೇಳುತ್ತಾ, ನಾನು ಎಲ್ಲೂ ಇಲ್ಲದೆ, ಅವರು ರಸ್ತೆಯ ಮಧ್ಯೆ ನಿಂತುಬಿಟ್ಟರು. ನೆತ್ತಿಯ ಮೇಲೆ ಕೂದಲು ತೆಳುವಾಗಿರುವುದು ನನಗೆ ಆವತ್ತೇ ಕಂಡದ್ದು. ಅಯ್ಯೋ ಪಾಪ ಅನ್ನಿಸಿತು. ಜೊತೆಗೇ, ನಾನು ಎಲ್ಲಿದ್ದೇನೆಂದು ಜಗತ್ತಿನಲ್ಲಿ ಯಾರಿಗೂ ಗೊತ್ತಿಲ್ಲ ಎಂಬುದು ತಿಳಿದು ಮೈಯೆಲ್ಲ ಹಗುರವಾಯಿತು. ಎರಡೂ ಒಟ್ಟಿಗೇ ಆಯಿತು.

ಲಿಫ್ಟಿನಲ್ಲಿ ಇಳಿದು ಹೋಗಿ ಎದುರು ನಿಂತೆ. ಅವರು ನನ್ನ ಮಣಿಕಟ್ಟು ಹಿಡಿದುಕೊಂಡರು. ನಾಲ್ಕು ಜನರ ಎದುರು ಅವರು ನನ್ನ ಕೈ ಹಿಡಿದದ್ದು ಮದುವೆ ಮಂಟಪದ ನಂತರ ಅದೇ ಮೊದಲು.

"ಎಲ್ಲಿ ಹಾಳಾಗ್ ಹೋಗಿದ್ದೆ?"

"ಮೇಲಿದ್ದೆ. ಕೂಗಿದೆ. ನೀವು ಮೇಲೆ ನೋಡ್ಲೇ ಇಲ್ಲ."

"ಮೇಲಿಂದ ಯಾರ್ ಕೂಗ್ತಾರೆ?" ಎಂದರು.

ಕಟ್ಟಡದ ಪಕ್ಕದ ಮೆಟ್ಟಿಲ ಮೇಲೆ ಕೂತೆವು. ಇವರು, "ಬೇಡ. ಈ ಊರು ಬೇಡ. ನಾನು ಬೆಳಿಗ್ಗೆ ಆಫೀಸಿಗೆ ಹೋಗ್ತೀನಿ, ನೀನು ಎಲ್ಲಿಗೋ ಹೋಗ್ತೀಯ. ನಿನ್ನ ಹುಡುಕೋಕೆ ನನ್ನ ಕೈಲಾಗಲ್ಲ" ಎಂದರು.

ಜೋಡಿಸಿಟ್ಟುಕೊಂಡಿದ್ದ ಬೈಗುಳವೆಲ್ಲ ಮರೆತೇಹೋಗಿತ್ತು. "ಹುಡುಕ್ಬೇಡಿ. ನಾನು ಬರೋಣ ಅಂತಿರೋದೇ ಅದಕ್ಕೆ" ಎಂದೆ. "ಟೆಕ್ಸಸ್ಸಲ್ಲಿ ನಾನೆಲ್ಲಿರ್ತೀನಿ ಅಂತ ನಿಮಗೆ ಯಾವಾಗ್ಲೂ ಗೊತ್ತು. ಮನೇಲಿ, ಇಲ್ಲ ಕಾರಲ್ಲಿ. ನನಗೆ ಉಸಿರು ಕಟ್ಟತ್ತೆ ರೀ. ಅಲ್ಲೇ ಇದ್ರೆ ನಾನು ಸತ್ತೇಹೋಗ್ತೀನಿ."

ಬೊಂಬಿಗೆ ಟೀವಿ ಡಬ್ಬ ಕಟ್ಟಿಕೊಂಡ ಕೂಲಿಯವನೊಬ್ಬ ಕೂಗುತ್ತಾ ಇಳಿದು ಬಂದ. ನಾವು ಕಾಲು ಮಡಚಿ ದಾರಿ ಬಿಟ್ಟೆವು. ಇವರು ಅವನು ಇಳಿದು ಮರೆಯಾಗುವ ತನಕ ನೋಡುತ್ತಾ ಕೂತಿದ್ದರು. ಕೈ ಮಾತ್ರ ಬಿಟ್ಟಿರಲಿಲ್ಲ.

"ಆಯ್ತು, ಬರೋಣ" ಎಂದರು ಕೊನೆಗೆ. "ಎಲ್ಲಿಗ್ ಹೋಗ್ತೀಯ ಅಂತ ನಾನು ಕೇಳಲ್ಲ. ಸಾಯಂಕಾಲ ವಾಪಸ್ ಬರ್ತೀನಿ ಅಂತ ಮಾತ್ರ ಹೇಳು."

ಬರ್ತೀನಿ ಎಂದೆ. ಆದರೆ ಹೇಳುವುದಕ್ಕೆ ಮೊದಲು ನಾನು ಯೋಚನೆ ಮಾಡಿದೆ. ಯೋಚನೆ ಮಾಡಿದ್ದನ್ನು ಅವರು ನೋಡಿದರು.