ಕೊನೇ ಮನೆಯ ನಲ್ಲಿ

ನಲ್ಲಿಗೆ ಮೋಟಾರು ಹಚ್ಚಿ ನೀರೆಳೆಯುವವರ ಮೋಟಾರು ಜಪ್ತಿ ಮಾಡಬೇಕೋ ಬೇಡವೋ ಎಂದು ಜನರ ಅಭಿಪ್ರಾಯ ಕೇಳಲು ನಮ್ಮ ವಾರ್ಡಿನಲ್ಲಿ ಸಭೆ ಕರೆದರು. ನನಗೆ ನಗು ಬಂತು. ಆನೆಕೊಂಡದ ನಮ್ಮ ಓಣಿಯಲ್ಲಿ ಮೋಟಾರಿಲ್ಲದ ಮನೆ ಎಂದರೆ ಕೊನೇದೊಂದೇ. ಉಳಿದವರ ಮೋಟಾರುಗಳೆಲ್ಲ ಬಚ್ಚಲ ಮೂಲೆಯಲ್ಲಿ ಗೋಣಿಚೀಲ ಹೊದ್ದು ಕೂತಿರುತ್ತವೆ. ನಮ್ಮದೂ ಹಾಗೇ, ಸುಳ್ಳೇಕೆ ಹೇಳಲಿ. ನಮಗೆ ನೀರು ಬರುವುದು ನಾಲ್ಕೈದು ದಿನಕ್ಕೊಮ್ಮೆ, ಅದೂ ಒಂದಷ್ಟು ಹೊತ್ತು. ಅಷ್ಟರಲ್ಲಿ ಎಳೆದುಕೊಂಡವರ ಪಾಲಿಗೆ ಎಳೆದುಕೊಂಡಷ್ಟು.

ಕೊನೇ ಮನೆಯಲ್ಲಿರುವುದು ಹೂ ಕಟ್ಟಿ ಮಾರುವ ಹೆಂಗಸು, ಗಂಡನಿಲ್ಲ. ಒಬ್ಬಳೇ ಮಗಳನ್ನು ಆನಗೋಡಿಗೆ ಕೊಟ್ಟಿದ್ದಾಳೆ. ಆ ಹುಡುಗಿ ಈಗ ಬಸುರಿ, ಚೊಚ್ಚಲು. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕಲ್ಲ! ಆದರೆ ಬೀಗರು ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದರು.

"ಏನಂತಾರೆ ಗೊತ್ತೇನ್ರಿ ಅಕ್ಕಾ? 'ನಿಮ್ಮನ್ಯಾಗ ಕುಡಿಯಾಕೇ ನೀರಿಲ್ಲ, ಬಾಣಂತಿಗೆ ಎಲ್ಲಿಂದ ಎರೀತೀರಿ? ನಮ್ಮಲ್ಲಿ ಬೋರ್ ಐತೆ, ಇಲ್ಲೇ ಆಗ್ಲಿ' ಅಂತಾರ್ರಿ. ಇರೋಳು ಒಬ್ಬಾಕಿ ಮಗಳು. ಅವ್ಳ ಬಾಣಂತನ ಮಾಡ್ದೆ ನಾನ್ಯಾಕ ಬದುಕಿರಬೇಕು?"

ಆಕೆ ಸೆರಗಿನಲ್ಲಿ ಮೂಗೊರೆಸಿಕೊಂಡು ಹೀಗೆಂದಾಗ ನನಗೆ ತವರು ನೆನಪಾಯಿತು. ನಾನು ಹರಿಹರದವಳು. ಹೊಳೆ ದಂಡೆಗೆ ಹತ್ತಿರದ ಮನೆ. ನನ್ನ ಬಾಣಂತನದಲ್ಲಿ ಅವ್ವ ಹಂಡೆಗಟ್ಟಲೆ ಸುಡುನೀರು ಬೆನ್ನಿಗೆ ಚಟೀರೆಂದು ಎರಚುತ್ತಿದ್ದರೆ ಸಾಕವ್ವಾ ಸಾಕು ಎಂದು ಅಳುತ್ತಿದ್ದೆ. ಆ ನೀರಿನ ಸುಖ ಮೈಗೆ ಇವತ್ತಿಗೂ ನೆನಪಿದೆ.

ಸಭೆ ಸೇರಿದ್ದು ಸಂಜೆ, ಸಮುದಾಯ ಭವನದಲ್ಲಿ. ವಾರ್ಡ್ ಸಮಿತಿಯ ಸದಸ್ಯೆ ಎಂದು ನನ್ನನ್ನು ಮುಂದೆ, ಪಾಲಿಕೆಯ ಎಂಜಿನಿಯರ್ ಪಕ್ಕದ ಕುರ್ಚಿಯಲ್ಲಿ ಕೂರಿಸಿದರು. ಮೊದಲು ಎದ್ದು ಮಾತಾಡಿದವರು ನಮ್ಮ ಓಣಿಯ ಮೊದಲನೇ ಮನೆಯ ಯಜಮಾನರು, ಬಟ್ಟೆ ಅಂಗಡಿಯವರು.

"ಮೋಟ್ರು ಹಾಕೋದಂದ್ರ ಇನ್ನೊಬ್ರ ಬಾಯಿಗೆ ಹೋಗೋ ನೀರು ಕಿತ್ಕಂಡಂಗ್ರಿ! ಜಪ್ತಿ ಮಾಡ್ರಿ ಅತ್ತ!"

ಎಲ್ಲರೂ ಚಪ್ಪಾಳೆ ತಟ್ಟಿದರು. ಆಹಾ, ಏನು ಧೈರ್ಯ! ಓಣಿಯಲ್ಲೇ ದೊಡ್ಡ ಮೋಟಾರು ಅವರದ್ದು. ಅದು ಶುರುವಾದರೆ ನಮ್ಮ ಮನೆಯ ಸ್ಟ್ಯಾಂಡಿನಲ್ಲಿ ಲೋಟಗಳು ನಡುಗುತ್ತವೆ.

"ಒಪ್ಪಿಗೆ ಇದ್ದವ್ರು ಕೈ ಎತ್ರಿ" ಎಂದರು ಎಂಜಿನಿಯರ್. ಇಡೀ ಭವನ ಕೈ ಎತ್ತಿತು. ಎತ್ತಿದ ಕೈಗಳು ಇನ್ನೂ ಮೇಲೇ ಇದ್ದವು, ಅಷ್ಟರಲ್ಲಿ ಒಬ್ಬರ ಫೋನು ಹೊಡೆದುಕೊಂಡಿತು, ಹಿಂದೆಯೇ ಇನ್ನೊಬ್ಬರದು, ಮತ್ತೊಬ್ಬರದು. ಮರುದಿನ ಬೆಳಿಗ್ಗೆ ಬರಬೇಕಿದ್ದ ನೀರನ್ನು ಆ ಪುಣ್ಯಾತ್ಮ ನೀರು ಬಿಡುವವನು ಆಗಲೇ ಬಿಟ್ಟಿದ್ದ. "ನೀರು ಬಂತಂತ್ರೋ!" ಎಂದು ಯಾರೋ ಕೂಗಿದ್ದೇ ತಡ, ಕುರ್ಚಿಗಳು ಉರುಳಿದವು. ಬಾಗಿಲಲ್ಲಿ ಚಪ್ಪಲಿ ಅದಲುಬದಲಾದವು. ನೋಡನೋಡುತ್ತಿದ್ದಂತೆ ಭವನ ಖಾಲಿ. ಎಂಜಿನಿಯರ್ ಪೆನ್ನು ಹಿಡಿದುಕೊಂಡೇ ಇದ್ದರು.

ಹಿಂದಿನ ಸಾಲಿನಲ್ಲಿ ಕೊನೇ ಮನೆಯಾಕೆ ಮಾತ್ರ ಕೂತಿದ್ದಳು.

"ಯಾಕಮ್ಮಾ, ನಿಮ್ಮನೆಗೆ ನೀರು ಬರಲ್ವಾ?" ಎಂದು ಎಂಜಿನಿಯರ್ ಕೇಳಿದರು.

"ಬರ್ತೈತ್ರಿ ಸಾಹೇಬ್ರ. ಇವ್ರೆಲ್ಲ ಎಳ್ಕಂಡಾದ ಮ್ಯಾಲೆ ನಲ್ಲಿ ಒಂದೀಟು ಉಸ್ ಅಂತೈತೆ. ಓಡಿ ಏನ್ ಮಾಡ್ಲಿ?" ಎಂದಳು. ಸಿಟ್ಟಿಲ್ಲ, ಸೆಡವಿಲ್ಲ, ಬೆಳಕು ಹರಿಯುತ್ತದೆ ಎನ್ನುವಷ್ಟು ಸಲೀಸಾಗಿ.

ಆಗ ನನ್ನ ಫೋನು ಹೊಡೆದುಕೊಂಡಿತು. ನನ್ನ ಯಜಮಾನರ ದನಿ ಮೊದಲೇ ದೊಡ್ಡದು, ಫೋನಿನಲ್ಲಂತೂ ಕೇಳುವುದೇ ಬೇಡ. "ಲೇ, ನೀರು ಬಂದೈತೆ! ಮೋಟ್ರು ಹಾಕ್ಲೇನು?" ಖಾಲಿ ಭವನದ ಗೋಡೆಗೋಡೆಗೂ ಕೇಳಿಸಿತು. ಎಂಜಿನಿಯರ್ ಮರ್ಯಾದೆಯಿಂದ ಫ್ಯಾನು ನೋಡತೊಡಗಿದರು. ಆಕೆ ಸೆರಗು ಬಾಯಿಗಿಟ್ಟುಕೊಂಡು ಕಿಸಕ್ಕೆಂದಳು. ನನ್ನ ಮಾನ ಮೂರಾಬಟ್ಟೆ!

"ಹಾಕ್ಬ್ಯಾಡ್ರಿ" ಎಂದೆ.

"ಯಾಕ? ಕೆಟ್ಟೈತೇನು?"

"ಕೆಟ್ಟಿಲ್ಲ. ಮುಟ್ಟಬ್ಯಾಡ್ರಿ ಅಂದೆ, ಅಷ್ಟೇ!"

ಆಕೆಯ ಕೈ ಹಿಡಿದು ಎಬ್ಬಿಸಿಕೊಂಡೇ ಓಣಿಗೆ ಬಂದೆ. ಮನೆಮನೆಯಿಂದಲೂ ಗುಂಯ್ ಗುಂಯ್. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆಂದು ಎಲ್ಲರಿಗೂ ಗೊತ್ತು. ಸೀದಾ ಮೊದಲನೇ ಮನೆಗೆ ನುಗ್ಗಿದೆ.

"ಎತ್ತಿದ ಕೈ ಇನ್ನೂ ಇಳಿದಿಲ್ಲ, ಅಷ್ಟ್ರಾಗೆ ಸ್ವಿಚ್ಚಿನ ಮ್ಯಾಲೆ ಹೋತೇನ್ರಿ?"

ಯಜಮಾನರು ಪೆಚ್ಚಾದರು. "ಅಲ್ರಿ ತಂಗಿ, ನೀವೆಲ್ಲ ಹಾಕ್ತೀರಿ ಅಂತ ನಾನೂ ಹಾಕಿದ್ನಿ. ನೀವು ಬಿಟ್ರೆ ನಾನೂ ಬಿಡ್ತೀನ್ರಿ."

"ನಮ್ಮದು ಹಾಕಿಲ್ಲ. ಬರ್ರಿ, ನೋಡ್ರಿ."

ಅವರು ನಿಜಕ್ಕೂ ಬಂದರು! ನಮ್ಮ ಬಚ್ಚಲಿಗೆ ಬಗ್ಗಿ, ಗೋಣಿಚೀಲ ಎತ್ತಿ, ಮೋಟಾರು ಮುಟ್ಟಿ ನೋಡಿದರು. ತಣ್ಣಗಿತ್ತು. ಸೀದಾ ಹೋಗಿ ತಮ್ಮದನ್ನು ಆರಿಸಿದರು. ಉಳಿದ ಮನೆಗಳಲ್ಲೂ ಅದೇ ಮಾತು, ಅವರು ಬಿಟ್ಟರೆ ನಾವೂ ಬಿಡ್ತೀವಿ. ಯಾರೂ ಕೆಟ್ಟವರಲ್ಲ, ಒಬ್ಬರಿಗೊಬ್ಬರು ಕಾದು ಕೂತವರು. ಆ ಸಂಜೆ ನಮ್ಮ ಕಟ್ಟೆಯ ಮೇಲೆ ಒಪ್ಪಂದವಾಯಿತು. ನೀರು ಬಂದರೆ ಮೊದಲು ಕೊನೇ ಮನೆಗೆ. ಆಕೆ ಓಣಿಗೆ ಬಂದು "ತುಂಬ್ತ್ರೀ!" ಎಂದು ಕೂಗುವವರೆಗೆ ಯಾರೂ ಸ್ವಿಚ್ಚು ಮುಟ್ಟುವಂತಿಲ್ಲ. ಮೋಟಾರುಗಳನ್ನು ಎಸೆದೆವು ಎಂದರೆ ನೀವೂ ನಂಬಲಿಕ್ಕಿಲ್ಲ. ಜಪ್ತಿಯ ಕಾನೂನು ಇನ್ನೂ ಯಾವ ಮೇಜಿನ ಮೇಲಿದೆಯೋ ಗೊತ್ತಿಲ್ಲ.

ಮೊದಮೊದಲು ಆಕೆಗೆ ಕೂಗಲು ನಾಚಿಕೆ. ಅರ್ಧ ಕೊಡ ತುಂಬುವಷ್ಟರಲ್ಲೇ ಪಿಸುಗುಟ್ಟಿದಂತೆ ಕೂಗಿಬಿಡುತ್ತಿದ್ದಳು. "ಡ್ರಮ್ ತುಂಬಿಸ್ಕಳೇ ಮಾರಾಯ್ತಿ!" ಎಂದು ನಾನೇ ಗದರಿ ಒಳಗೆ ಕಳಿಸುತ್ತಿದ್ದೆ. ಆಮೇಲೆ ಒಂದು ದಿನ ಆನಗೋಡಿನ ಬೀಗಿತ್ತಿ ಬಂದರು. ತುಂಬಿದ ಡ್ರಮ್ಮುಗಳ ಮುಚ್ಚಳ ತೆಗೆದು ನೋಡಿದರು. ಚಾ ಕುಡಿದು ಹೋದವರು, ಮುಂದಿನ ವಾರ ಸೊಸೆಯನ್ನು ತಾವೇ ಕರೆತಂದು ಬಿಟ್ಟುಹೋದರು. ಹೆಣ್ಣು ಕೂಸು ಹುಟ್ಟಿತು. ಆಕೆ ಓಣಿಗೆಲ್ಲ ಪೇಡ ಹಂಚಿದಳು.

ಮೊನ್ನೆ ಬೆಳಿಗ್ಗೆ ನೀರು ಬಂತು. ಕೂಗು ಬರಲಿಲ್ಲ. ಕಾದೆವು. ನೀರು ನಿಲ್ಲುವ ಹೊತ್ತು ಹತ್ತಿರವಾಗುತ್ತಿತ್ತು. ಬಾಗಿಲುಬಾಗಿಲಲ್ಲೂ ಜನ ಇಣುಕತೊಡಗಿದರು. ನಾನೇ ಹೋಗಿ ನೋಡಿದರೆ, ಆಕೆ ಕಾಲು ಚಾಚಿ ಕೂತು, ಕಾಲ ಮೇಲೆ ಕೂಸು ಮಲಗಿಸಿಕೊಂಡು ನೀರು ಎರೆಯುತ್ತಿದ್ದಾಳೆ. ಒಳಗೆ ಮಗಳು ಎರೆದುಕೊಂಡು, ತಲೆಗೆ ಬಟ್ಟೆ ಕಟ್ಟಿ, ಕೆಂಪಗೆ ಮಲಗಿದ್ದಾಳೆ. ಡ್ರಮ್ಮುಗಳು ತುಂಬಿ ಚೆಲ್ಲುತ್ತಿದ್ದವು.

"ಅಯ್ಯೋ ಶಿವನೇ! ಕೂಗೋದ ಮರ್ತ್ನಲ್ರಿ ಅಕ್ಕಾ!" ಎಂದು ಏಳಹೋದಳು.

"ಕೂಡ್ರೇ. ಕೂಸು ಜಾರೀತು" ಎಂದು ನಲ್ಲಿ ತಿರುಗಿಸಿ ಹೊರಗೆ ಬಂದೆ.

ಮೊದಲನೇ ಮನೆಯ ಯಜಮಾನರು ಬಾಗಿಲ ಪಕ್ಕದ ಸ್ವಿಚ್ಚಿನ ಮೇಲೆ ಕೈಯಿಟ್ಟುಕೊಂಡು ನಿಂತಿದ್ದರು. ಅಂಗಡಿಗೆ ಹೊರಡುವ ಹೊತ್ತು, ಇನ್ನೂ ಸ್ನಾನವಾಗಿರಲಿಲ್ಲ.

"ತುಂಬ್ತೇನ್ರಿ ತಂಗಿ?"

"ತುಂಬೈತ್ರಿ. ಕೂಸಿಗೆ ಎರೀತಾ ಕೂಗೋದು ಮರ್ತಾಳೆ. ಹಾಕ್ಕಳ್ರಿ."

ಅವರು ಹಾಕಲಿಲ್ಲ. ಕೊನೇ ಮನೆಯ ಕಡೆ ಕತ್ತು ಚಾಚಿ ನೋಡಿದರು. ಕೂಸು ಕಿರುಚುವುದು ಅಲ್ಲಿಯವರೆಗೂ ಕೇಳಿಸುತ್ತಿತ್ತು.

"ಕೂಸಿಂದು ಮುಗೀಲಿ ತಡೀರಿ" ಎಂದು ಸ್ವಿಚ್ಚಿನಿಂದ ಕೈ ತೆಗೆದು, ಮೆಟ್ಟಿಲ ಮೇಲೆ ಕೂತುಬಿಟ್ಟರು.