ಸದ್ದಾಗದಂತೆ ಕಾದ ಜೀವ

ನಮ್ಮ ಯಜಮಾನರಿಗೆ ಆ ದಿನ ಬಾಯಿ ತೆರೆಯಲಾಗಲಿಲ್ಲ. ರೊಟ್ಟಿ ಮುರಿದು ತುಟಿಗೆ ಇಟ್ಟುಕೊಂಡವರು ಹಾಗೇ ಕುಳಿತರು. ದವಡೆ ಬಿಗಿದಿತ್ತು.

ಹಿಂದಿನ ವಾರ ಅಂಗಾಲಿಗೆ ಜಾಲಿಮುಳ್ಳು ನೆಟ್ಟಿತ್ತು. ಕಿತ್ತೆಸೆದು ಮತ್ತೆ ಕೊಡಲಿ ಹಿಡಿದಿದ್ದರು. ಭದ್ರಾ ಕಾಲುವೆಗೆ ನೀರು ಬರುತ್ತದೆಂಬ ನಂಬಿಕೆಯಲ್ಲಿ ನಾವು ಜಗಳೂರು ಕಡೆಯ ಊರು ಬಿಟ್ಟು, ಕಡರನಾಯಕನಹಳ್ಳಿಯ ಆಚೆ ಪೊದೆ ಬೆಳೆದ ನೆಲಕ್ಕೆ ಬಂದವರು. ಅವರು, ನಾನು, ಅತ್ತೆ, ಒಂದು ಜೋಡಿ ಎತ್ತು. ಸುತ್ತ ಇನ್ನೊಂದು ಮನೆ ಇರಲಿಲ್ಲ. ಬೇರುಸಮೇತ ಮರ ಕೀಳುವ ಅವರ ತೋಳು ನೋಡಿ, ಈ ಮನುಷ್ಯನಿಗೆ ಏನೂ ಆಗುವುದಿಲ್ಲ ಎಂದುಕೊಂಡಿದ್ದೆ.

ಗಾಡಿಯಲ್ಲಿ ಹರಿಹರಕ್ಕೆ, ಅಲ್ಲಿಂದ ಬಸ್ಸಿನಲ್ಲಿ ದಾವಣಗೆರೆಯ ಆಸ್ಪತ್ರೆಗೆ. ಡಾಕ್ಟರು ಮುಖ ನೋಡಿದ ಕೂಡಲೇ "ಟೆಟನಸ್" ಎಂದರು.

"ಉಳೀತಾರೇನ್ರಿ?"

"ನೋಡಣಮ್ಮ. ಇಂಜೆಕ್ಷನ್ ಕೊಡ್ತೀವಿ. ಆದ್ರೆ ಬೆಳಕು, ಸದ್ದು ಏನೂ ಬ್ಯಾಡ. ಚಮಚ ಬಿದ್ರೂ ಮೈ ಸೆಟೀತೈತೆ."

ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿದ ಕೋಣೆ. ಹಣೆ ಒರೆಸಲು ಕೈ ಚಾಚಿದೆ. ಬಳೆ ಸದ್ದಾಯಿತು.

ಅವರ ಮೈ ಬಿಲ್ಲಾಯಿತು.

ತಲೆ, ಹಿಮ್ಮಡಿ ಎರಡೇ ಹಾಸಿಗೆಗೆ ತಾಗಿದ್ದವು. ಪ್ರಜ್ಞೆ ಮಾತ್ರ ಪೂರ್ತಿ ಇತ್ತು. ಕಣ್ಣುಗಳು ನನ್ನನ್ನೇ ನೋಡುತ್ತಿದ್ದವು. ಹೊರಗೆ ಬಂದು ಬಳೆ ಬಿಚ್ಚತೊಡಗಿದೆ. ಅತ್ತೆ ಕೈ ಹಿಡಿದರು.

"ಗಂಡ ಇರೋವಾಗ ಬಳೆ ತೆಗೀತಾರೇನೇ? ಬ್ಯಾಡವ್ವ!"

"ಅವ್ರು ಇರ್ಲಿ ಅಂತಾನೇ ತೆಗೀತಿದೀನಿ ಅತ್ತೆ."

ಅತ್ತೆ ನನ್ನ ಕೈ ಬಿಟ್ಟರು. ಆಮೇಲೆ ಬಗ್ಗಿ, ನನ್ನ ಕಾಲುಂಗುರವನ್ನು ತಾವೇ ಬಿಚ್ಚಿದರು.

ಬರಿಗೈಯಲ್ಲಿ ಆ ಕತ್ತಲೆಯಲ್ಲಿ ಕುಳಿತೆ. ಒಂದು ಮೈಯೊಳಗೆ ಇಷ್ಟು ಬಲ ಇರುತ್ತದೆಂದು, ಅದು ತನ್ನ ಮೇಲೇ ತಿರುಗಿಬಿದ್ದರೂ ಒಳಗಿನ ಉಸಿರು ಸೋಲದೆ ಮತ್ತೆ ಮತ್ತೆ ದಾರಿ ಹುಡುಕಿಕೊಳ್ಳುತ್ತದೆಂದು ನನಗೆ ಗೊತ್ತಿರಲಿಲ್ಲ. ಭಯವಾಗುತ್ತಿತ್ತು. ಭಯಕ್ಕಿಂತ ಹೆಚ್ಚಾಗಿ, ದೊಡ್ಡದೇನನ್ನೋ ಕಣ್ಣೆದುರು ನೋಡುತ್ತಿದ್ದೇನೆ ಅನ್ನಿಸುತ್ತಿತ್ತು.

ಸೆಳೆತ ದಿನದಿನಕ್ಕೆ ಕಡಿಮೆಯಾಯಿತು. ಒಂದು ಬೆಳಿಗ್ಗೆ ನರ್ಸ್ ಕಪ್ಪು ಬಟ್ಟೆ ಸರಿಸಿದರು. ಯಜಮಾನರು ಬೆಳಕಿಗೆ ಕಣ್ಣು ಕಿರಿದು ಮಾಡಿದರು, ಅಷ್ಟೇ.

"ಇದ್ರಾಗೆ ಉಳಿದವ್ರು ಕಡಿಮೆ ಕಣಮ್ಮ," ಎಂದ ಡಾಕ್ಟರು ಯಜಮಾನರ ಭುಜದ ಮೇಲೆ ಕೈ ಇಟ್ಟರು.

ಮನೆಗೆ ಬಂದು ಇನ್ನೂ ತಿಂಗಳಾಗಿಲ್ಲ. ಬಗ್ಗಿದರೆ ಅವರಿಗೆ ಬೆನ್ನು ಹಿಡಿಯುತ್ತದೆ. ನೇಗಿಲು ನಾನು ಹಿಡಿಯುತ್ತಿದ್ದೇನೆ, ಸಾಲು ಸೊಟ್ಟ. ನಿನ್ನೆ ಬದುವಿನ ಮೇಲೆ ಕುಳಿತವರು ಕೇಳಿದರು:

"ಊರಿಗೆ ವಾಪಸ್ ಹೋಗಣೇನು? ನೀ ಹೆಂಗೆ ಹೇಳಿದ್ರೆ ಹಂಗೆ."

ನನ್ನನ್ನು ಹಾಗೆ ಕೇಳಿದ್ದು ಅದೇ ಮೊದಲು.

"ಇಲ್ಲೇ ಇರಣ," ಎಂದೆ.

ಅವರು ನಿಧಾನವಾಗಿ ಎದ್ದರು. ಎತ್ತುಗಳ ಮುಂದೆ ಬಂದು, ಹಗ್ಗ ಹಿಡಿದು, ನನ್ನ ಸಾಲು ನೇರವಾಗುವಂತೆ ನಡೆಯತೊಡಗಿದರು.